ರಕ್ತ ಪರೀಕ್ಷೆ ಮಾಡಿದವರು ಯಾರು?

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಒಳ್ಳೆಯ ವೈದ್ಯರು ಯಾರೆಂದು ನಾಲ್ಕು ಜನರನ್ನು ಕೇಳುತ್ತೀರಿ. ಅವರ ಓದು ಏನು, ಕೈಗುಣ ಹೇಗೆ ಎಂದೆಲ್ಲ ವಿಚಾರಿಸುತ್ತೀರಿ. ಔಷಧಿ ಅಂಗಡಿಯಲ್ಲಿ ಮಾತ್ರೆಯ ಪಟ್ಟಿ ತಿರುಗಿಸಿ ತಾರೀಖು ನೋಡುತ್ತೀರಿ. ಆದರೆ ವೈದ್ಯರು ರಕ್ತ ಪರೀಕ್ಷೆಗೆ ಬರೆದುಕೊಟ್ಟಾಗ ಮಾತ್ರ ಹತ್ತಿರ ಯಾವ ಲ್ಯಾಬ್ ಇದೆಯೋ ಅಲ್ಲಿಗೆ ನಡೆಯುತ್ತೀರಿ. ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆದವರು ಯಾರು, ಒಳಗಿನ ಕೋಣೆಯಲ್ಲಿ ಅದನ್ನು ಪರೀಕ್ಷಿಸಿದವರು ಯಾರು, ಅವರು ಓದಿದ್ದೇನು ಎಂದು ಕೇಳುವವರು ಬಹಳ ವಿರಳ.

ಕೇಳಬೇಕು ಎಂಬುದೇ ಈ ವಾರದ ಮಾತು. ನನ್ನಂಥ ಸಾಮಾನ್ಯ ವೈದ್ಯನೊಬ್ಬ ದಿನವೂ ಎಷ್ಟೋ ನಿರ್ಧಾರಗಳನ್ನು ಲ್ಯಾಬಿನಿಂದ ಬಂದ ಒಂದು ಹಾಳೆಯನ್ನು ನಂಬಿ ಮಾಡುತ್ತಾನೆ. ಇನ್ಸುಲಿನ್ ಎಷ್ಟು ಕೊಡಬೇಕು, ಥೈರಾಯ್ಡ್ ಮಾತ್ರೆ ಹೆಚ್ಚಿಸಬೇಕೇ, ಮೂತ್ರಪಿಂಡದ ತಜ್ಞರ ಬಳಿಗೆ ಕಳಿಸಬೇಕೇ, ಬಸುರಿಗೆ ರಕ್ತ ಕೊಡಿಸಬೇಕೇ ಎಂಬುದಕ್ಕೆಲ್ಲ ಆ ಹಾಳೆಯಲ್ಲಿನ ಅಂಕಿಗಳೇ ಆಧಾರ. ಅಂಕಿ ತಪ್ಪಾದರೆ ನನ್ನ ಚಿಕಿತ್ಸೆಯೂ ತಪ್ಪುತ್ತದೆ. ಆ ಅಂಕಿಯನ್ನು ಕೊಡುವವರು ಲ್ಯಾಬ್ ಟೆಕ್ನಿಷಿಯನ್‌ಗಳು. ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಅತಿ ಹೆಚ್ಚು ನಂಬಿಕೆ ಇಟ್ಟಿರುವುದೂ ಅವರ ಮೇಲೆ, ಅತಿ ಕಡಿಮೆ ಗಮನ ಕೊಟ್ಟಿರುವುದೂ ಅವರಿಗೇ.

ಯಂತ್ರವಿದ್ದರೆ ಸಾಲದೇ?

'ಈಗೆಲ್ಲ ಕಂಪ್ಯೂಟರ್ ಟೆಸ್ಟ್ ಅಲ್ಲವೇ ಡಾಕ್ಟ್ರೇ, ಮನುಷ್ಯರ ಕೆಲಸ ಏನಿದೆ?' ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಮಳೆಗಾಲದಲ್ಲಿ ಡೆಂಗಿಯ ಭಯ ಎಲ್ಲರಿಗೂ ಇರುತ್ತದೆ. ಅಂಥ ಒಂದು ಮಳೆಗಾಲದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಎರಡು ದಿನದ ನೆಗಡಿ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ಯಂತ್ರ ಕೊಟ್ಟ ಪ್ಲೇಟ್‌ಲೆಟ್ ಸಂಖ್ಯೆ 38 ಸಾವಿರ. ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ್ದು ಅಷ್ಟಕ್ಕೆ ಇಳಿದಿದೆ ಎಂದರೆ ಮನೆಯವರು ಗಾಬರಿಯಾಗುವುದು ಸಹಜ. ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಕಾರು ಬಾಗಿಲಿಗೆ ಬಂದಿತ್ತು. ಆದರೆ ಆ ಲ್ಯಾಬಿನ ಟೆಕ್ನಿಷಿಯನ್‌ಗೆ ಅನುಮಾನ ಬಂತು. ಆಕೆ ಅದೇ ರಕ್ತದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪ್ಲೇಟ್‌ಲೆಟ್‌ಗಳು ಕಡಿಮೆಯಾಗಿರಲಿಲ್ಲ, ಒಂದಕ್ಕೊಂದು ಅಂಟಿಕೊಂಡು ಗೊಂಚಲು ಗೊಂಚಲಾಗಿದ್ದವು.

ರಕ್ತ ಹೆಪ್ಪುಗಟ್ಟದಂತೆ ನಳಿಕೆಯಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವೇ ಕೆಲವರ ರಕ್ತದಲ್ಲಿ ಅದರಿಂದಲೇ ಪ್ಲೇಟ್‌ಲೆಟ್‌ಗಳು ಹೀಗೆ ಅಂಟಿಕೊಳ್ಳುತ್ತವೆ. ಯಂತ್ರಕ್ಕೆ ಗೊಂಚಲನ್ನು ಬಿಡಿಸಿ ಎಣಿಸಲು ಬರುವುದಿಲ್ಲ. ಸಿಟ್ರೇಟ್ ಇರುವ ಬೇರೆ ನಳಿಕೆಯಲ್ಲಿ ಮತ್ತೆ ರಕ್ತ ತೆಗೆದು ನೋಡಿದಾಗ ಸಂಖ್ಯೆ ಎರಡು ಲಕ್ಷದ ಆಸುಪಾಸಿನಲ್ಲಿತ್ತು. ಆಕೆ ಅನುಮಾನ ಪಡದಿದ್ದರೆ ಆ ಶಿಕ್ಷಕಿ ಬೇಡದ ಆಸ್ಪತ್ರೆವಾಸ, ಬೇಡದ ಖರ್ಚು, ಪ್ರಾಯಶಃ ಬೇಡದ ಪ್ಲೇಟ್‌ಲೆಟ್ ಬಾಟಲಿಯನ್ನೂ ಅನುಭವಿಸಬೇಕಾಗುತ್ತಿತ್ತು.

ಮಲೇರಿಯದ ವಿಷಯವೂ ಹೀಗೆಯೇ. ರಕ್ತಲೇಪದಲ್ಲಿ ರೋಗಾಣು ಇಲ್ಲ ಎಂದು ಬರೆಯುವ ಮೊದಲು ಟೆಕ್ನಿಷಿಯನ್ ಸೂಕ್ಷ್ಮದರ್ಶಕದಲ್ಲಿ ಕನಿಷ್ಠ 100 ಕ್ಷೇತ್ರಗಳನ್ನಾದರೂ ನೋಡಬೇಕು. ಇದೆ ಎಂದು ಕಂಡರೆ ವೈವಾಕ್ಸ್ ಬಗೆಯದೋ, ಪ್ರಾಣಕ್ಕೆ ಹೆಚ್ಚು ಅಪಾಯ ತರುವ ಫಾಲ್ಸಿಪಾರಮ್ ಬಗೆಯದೋ ಎಂದು ಗುರುತಿಸಬೇಕು. ಎರಡಕ್ಕೂ ಔಷಧಿ ಬೇರೆ ಬೇರೆ. ತೊಂಬತ್ತರ ದಶಕದಿಂದ ಮಲೇರಿಯ ಕಾಡಿದ ಮಂಗಳೂರಿನಲ್ಲಿ ಎಷ್ಟೋ ಜೀವಗಳು ಉಳಿದದ್ದು ಹೀಗೆ ತಾಳ್ಮೆಯಿಂದ ಕಣ್ಣಿಟ್ಟು ನೋಡಿದವರಿಂದ.

ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ರೋಗಾಣುವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡು, 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ ಹೆಸರು ಶಾಲಾ ಮಕ್ಕಳಿಗೂ ಗೊತ್ತು. ಕಲ್ಕತ್ತದಲ್ಲಿ ಅವರ ಪ್ರಯೋಗಾಲಯದಲ್ಲಿ ಸಹಾಯಕನಾಗಿ ದುಡಿದ ಮೊಹಮ್ಮದ್ ಬಕ್ಸ್ ಹೆಸರನ್ನು ಕೇಳಿದವರು ವಿರಳ. ಪ್ರಯೋಗಾಲಯದಲ್ಲಿ ದುಡಿಯುವವರ ಹೆಸರು ಹೊರಗೆ ಬಾರದಿರುವುದು ನಮ್ಮಲ್ಲಿ ಹೊಸದೇನಲ್ಲ.

ತಪ್ಪು ನುಸುಳುವುದು ಎಲ್ಲಿ?

ಲ್ಯಾಬಿನ ತಪ್ಪುಗಳಲ್ಲಿ ಬಹುಪಾಲು ರಕ್ತವು ಯಂತ್ರವನ್ನು ಸೇರುವ ಮೊದಲೇ ಆಗಿರುತ್ತವೆ. ರಕ್ತ ತೆಗೆಯುವವರ ಮುಂದೆ ನೇರಳೆ, ಬೂದು, ಕೆಂಪು, ನೀಲಿ ಮುಚ್ಚಳದ ನಳಿಕೆಗಳಿರುವುದನ್ನು ನೀವು ನೋಡಿರಬಹುದು. ಆ ಬಣ್ಣ ಚೆಂದಕ್ಕಲ್ಲ. ನೇರಳೆಯದರಲ್ಲಿ ರಕ್ತಕಣಗಳ ಎಣಿಕೆ, ಬೂದಿಯದರಲ್ಲಿ ಸಕ್ಕರೆ, ನೀಲಿಯದರಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ನೀಲಿ ನಳಿಕೆಯಲ್ಲಿ ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತವೇ ಇರಬೇಕು. ಅರ್ಧ ತುಂಬಿಸಿದರೆ ಫಲಿತಾಂಶ ಕೆಟ್ಟಿತು.

ಸಕ್ಕರೆ ಪರೀಕ್ಷೆಯ ರಕ್ತವನ್ನು ಸಾಮಾನ್ಯ ನಳಿಕೆಯಲ್ಲಿ ಹಾಗೆಯೇ ಇಟ್ಟರೆ ರಕ್ತಕಣಗಳೇ ಸಕ್ಕರೆಯನ್ನು ತಿನ್ನುತ್ತವೆ. ಗಂಟೆಗೆ ಶೇಕಡ 5ರಿಂದ 7ರಷ್ಟು ಇಳಿಯುತ್ತದೆ. ಬೆಳಿಗ್ಗೆ ಹಳ್ಳಿಯಲ್ಲಿ ತೆಗೆದ ರಕ್ತ ಮಧ್ಯಾಹ್ನ ಪಟ್ಟಣದ ಲ್ಯಾಬನ್ನು ಮುಟ್ಟುವ ಹೊತ್ತಿಗೆ ಸಕ್ಕರೆ ಕಾಯಿಲೆಯವರ ಅಂಕಿ ಸುಳ್ಳೇ ಚೆನ್ನಾಗಿ ಕಾಣಬಹುದು. ಸೂಜಿಯಿಂದ ರಕ್ತವನ್ನು ರಭಸದಿಂದ ನಳಿಕೆಗೆ ಚಿಮ್ಮಿಸಿದರೆ ಕೆಂಪು ಕಣಗಳು ಒಡೆದು ಅವುಗಳ ಒಳಗಿನ ಪೊಟ್ಯಾಸಿಯಂ ಹೊರಬರುತ್ತದೆ. ಆಗ ಹೃದಯಕ್ಕೇ ಅಪಾಯವಿದೆಯೇನೋ ಎಂಬಂಥ ಅಂಕಿ ಬರುತ್ತದೆ, ರೋಗಿ ಮಾತ್ರ ಆರಾಮಾಗಿ ಕಾಫಿ ಕುಡಿಯುತ್ತಿರುತ್ತಾನೆ.

ಎಲ್ಲಕ್ಕಿಂತ ಭಯಂಕರವಾದದ್ದು ಹೆಸರಿನ ಚೀಟಿ ಅದಲುಬದಲಾಗುವುದು. ರಕ್ತದ ಗುಂಪು ನೋಡಲು ತೆಗೆದ ನಳಿಕೆಗೆ ಪಕ್ಕದ ಹಾಸಿಗೆಯವರ ಹೆಸರು ಅಂಟಿಸಿದರೆ ಏನಾಗಬಹುದೆಂದು ನೀವೇ ಯೋಚಿಸಿ. ಹೊಂದದ ರಕ್ತ ಮೈಗೆ ಸೇರಿದರೆ ಪ್ರಾಣವೇ ಹೋಗಬಹುದು.

ಕಫ ಪರೀಕ್ಷೆಯಲ್ಲೂ ಇದೇ ಕಥೆ. ಕ್ಷಯ ಪತ್ತೆಗೆ ಈಗ ಟ್ರೂನ್ಯಾಟ್‌ನಂಥ ಒಳ್ಳೆಯ ಉಪಕರಣಗಳಿವೆ. ಆದರೆ ರೋಗಿ ಕಫದ ಬದಲು ಬಾಯಿಯ ಎಂಜಲನ್ನು ಡಬ್ಬಿಗೆ ಉಗುಳಿಕೊಟ್ಟರೆ ಎಂಥ ಯಂತ್ರವೂ ಕ್ಷಯವನ್ನು ಹಿಡಿಯಲಾರದು. 'ಅಜ್ಜ, ಬೆಳಿಗ್ಗೆ ಎದ್ದ ಕೂಡಲೇ ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆಯಬೇಕು' ಎಂದು ಬಿಡಿಸಿ ಹೇಳುವುದು ಟೆಕ್ನಿಷಿಯನ್ ಕೆಲಸ. ಈ ಎರಡು ಮಾತಿಗೆ ಯಾವ ಯಂತ್ರವೂ ಬದಲಿಯಲ್ಲ.

ಒಳ್ಳೆಯ ಲ್ಯಾಬಿನಲ್ಲಿ ದಿನದ ಕೆಲಸ ಶುರುವಾಗುವುದು ರೋಗಿಯ ರಕ್ತದಿಂದಲ್ಲ. ಮೊದಲು ಅಂಕಿ ಗೊತ್ತಿರುವ ದ್ರವವೊಂದನ್ನು ಯಂತ್ರಕ್ಕೆ ಹಾಕಿ, ಯಂತ್ರ ಸರಿಯಾದ ಅಂಕಿ ಕೊಡುತ್ತಿದೆಯೇ ಎಂದು ನೋಡಿ ಬರೆದಿಡುತ್ತಾರೆ. ಇದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಇದಲ್ಲದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಡೆಸುವಂಥ ಹೊರಗಿನ ಗುಣಮಟ್ಟ ಯೋಜನೆಗಳಿವೆ. ಅವರು ಕಳಿಸಿದ ಮಾದರಿಯನ್ನು ಪರೀಕ್ಷಿಸಿ ಉತ್ತರ ಕಳಿಸಿದರೆ, ಉಳಿದ ಲ್ಯಾಬ್‌ಗಳಿಗೆ ಹೋಲಿಸಿದಾಗ ನಿಮ್ಮ ಲ್ಯಾಬ್ ಎಲ್ಲಿ ನಿಂತಿದೆ ಎಂದು ತಿಳಿಸುತ್ತಾರೆ. ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆಯೂ ಇದೆ. ಆದರೆ ಇವಕ್ಕೆಲ್ಲ ದುಡ್ಡು, ಸಮಯ, ಮುಖ್ಯವಾಗಿ ಓದಿದ ಜನ ಬೇಕು.

ಓದಿಗೆ ತಕ್ಕ ಸಂಬಳವೆಲ್ಲಿ?

ಓದಿದ ಜನ ಇಲ್ಲವೆಂದಲ್ಲ, ಇದ್ದಾರೆ. ಅವರನ್ನು ನಾವು ನಡೆಸಿಕೊಳ್ಳುವ ರೀತಿ ಸರಿಯಿಲ್ಲ. ಡಿಪ್ಲೊಮಾ ಅಥವಾ ಪದವಿ ಪಡೆದು ಬಂದ ಹುಡುಗ ಹುಡುಗಿಯರಿಗೆ ಎಷ್ಟೋ ಸಣ್ಣ ಖಾಸಗಿ ಲ್ಯಾಬ್‌ಗಳಲ್ಲಿ ಸಿಗುವ ಸಂಬಳದಲ್ಲಿ ಪಟ್ಟಣದ ಬಾಡಿಗೆ ಕಟ್ಟುವುದೂ ಕಷ್ಟ. ಸರ್ಕಾರಿ ವ್ಯವಸ್ಥೆಯಲ್ಲಿ ಬಹಳ ಮಂದಿ ಗುತ್ತಿಗೆಯ ಮೇಲೆ ಇದ್ದಾರೆ. ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡುವ ಕಾಯಂ ನೌಕರರಿಗೂ ಇವರಿಗೂ ಸಂಬಳದಲ್ಲಿ, ರಜೆಯಲ್ಲಿ, ನಾಳೆಯ ಭರವಸೆಯಲ್ಲಿ ಅಜಗಜಾಂತರ. ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಬ್ಬರೇ ಟೆಕ್ನಿಷಿಯನ್. ಅವರು ರಜೆ ಹಾಕಿದ ದಿನ ಸೂಕ್ಷ್ಮದರ್ಶಕಕ್ಕೂ ರಜೆ.

ಇದರ ಪರಿಣಾಮ ಏನು? ಓದಿದವರು ಬೇಸತ್ತು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅವರ ಜಾಗಕ್ಕೆ, ಆರು ತಿಂಗಳು ಜೊತೆಯಲ್ಲಿ ನಿಂತು ಸೂಜಿ ಚುಚ್ಚುವುದನ್ನು ಕಲಿತವರು ಇನ್ನೂ ಕಡಿಮೆ ಸಂಬಳಕ್ಕೆ ಬಂದು ಕೂರುತ್ತಾರೆ. ಅವರಿಗೆ ಗುಂಡಿ ಒತ್ತಲು ಬರುತ್ತದೆ, ಅನುಮಾನ ಪಡಲು ಬರುವುದಿಲ್ಲ. ಪ್ಲೇಟ್‌ಲೆಟ್ ಗೊಂಚಲನ್ನು ಹಿಡಿದದ್ದು ಅನುಮಾನವೇ ಎಂಬುದನ್ನು ನೆನಪಿಡಿ.

ಇನ್ನೂ ಕೆಳಕ್ಕೆ ಇಳಿದರೆ ಪರೀಕ್ಷೆಯನ್ನೇ ಮಾಡದೆ ವರದಿ ಬರೆಯುವ ಪಿಡುಗು. ನಮ್ಮ ವಲಯದಲ್ಲಿ ಇದಕ್ಕೆ ಸಿಂಕ್ ಟೆಸ್ಟ್ ಎಂಬ ಹೆಸರಿದೆ. ರಕ್ತ ಬಚ್ಚಲಿಗೆ, ಅಂಕಿ ಹಾಳೆಗೆ! 2021ರಲ್ಲಿ ಹರಿದ್ವಾರದ ಕುಂಭಮೇಳದ ಸಮಯದಲ್ಲಿ ಮಾಡದೇ ಇದ್ದ ಕೋವಿಡ್ ಪರೀಕ್ಷೆಗಳಿಗೆ ವರದಿ ಸೃಷ್ಟಿಸಿದ ಆರೋಪ ಬಂದು ತನಿಖೆ ನಡೆದದ್ದು ನಿಮಗೆ ನೆನಪಿರಬಹುದು.

ಇಲ್ಲಿ ನಮ್ಮ ವೃತ್ತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪರೀಕ್ಷೆಗೆ ಕಳಿಸಿದ ವೈದ್ಯರಿಗೆ ಕಮಿಷನ್ ಕೊಡುವ ಪದ್ಧತಿ ಹಲವೆಡೆ ಇದೆ. ನನ್ನ ಮೇಜಿನ ಮೇಲೂ ಲಕೋಟೆ ಇಟ್ಟು ಹೋಗಲು ನೋಡಿದವರಿದ್ದಾರೆ, ವಾಪಸು ಪಡೆದುಕೊಂಡು ಹೋಗಿದ್ದಾರೆ. ವೈದ್ಯರು ಹೀಗೆ ಕಮಿಷನ್ ಪಡೆಯುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ಆ ಲಕೋಟೆಯ ಹಣ ಆಕಾಶದಿಂದ ಬೀಳುವುದಿಲ್ಲ. ಅದು ನಿಮ್ಮ ಜೇಬಿನಿಂದ, ಟೆಕ್ನಿಷಿಯನ್ ಸಂಬಳದಿಂದ, ಬೆಳಿಗ್ಗೆ ಹಾಕಬೇಕಾದ ಕಂಟ್ರೋಲ್ ದ್ರವದ ಬಾಬತ್ತಿನಿಂದ ಬಂದದ್ದು. ವೈದ್ಯರು ಕೈ ಚಾಚುವುದನ್ನು ಬಿಡದೆ ಲ್ಯಾಬ್ ಸರಿಯಿಲ್ಲವೆಂದು ದೂರುವುದು ನ್ಯಾಯವಲ್ಲ.

ಸೂಜಿಯ ತುದಿಯ ಅಪಾಯ

ಬೇರೆಯವರ ರಕ್ತ, ಕಫ, ಮಲಮೂತ್ರಗಳ ನಡುವೆ ದಿನ ಕಳೆಯುವ ಈ ಕೆಲಸ ಅಪಾಯದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ ಅದರ ವೈರಾಣುವಿನ ಅಧ್ಯಯನ ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ ನಡೆಯಿತು. ಕಾಡಿಗೆ ಕಾಲಿಡದ, ಉಣ್ಣೆಯಿಂದ ಕಚ್ಚಿಸಿಕೊಳ್ಳದ ಪ್ರಯೋಗಾಲಯದ ಸಿಬ್ಬಂದಿಗೂ ಅಲ್ಲಿ ಕೆಲಸ ಮಾಡುತ್ತಲೇ ಆ ಸೋಂಕು ತಗುಲಿತು. ಕೋವಿಡ್ ಕಾಲದಲ್ಲಂತೂ ಇವರ ದುಡಿಮೆಯನ್ನು ದೇಶವೇ ಕಂಡಿತು. 2020ರ ಜನವರಿಯಲ್ಲಿ ಆ ಪರೀಕ್ಷೆ ಪುಣೆಯ ಒಂದೇ ಪ್ರಯೋಗಾಲಯದಲ್ಲಿ ಆಗುತ್ತಿತ್ತು. ಜೂನ್ ಹೊತ್ತಿಗೆ ಲ್ಯಾಬ್‌ಗಳು ಸಾವಿರ ಮುಟ್ಟಿದವು. ಆಗಸ್ಟ್‌ನಲ್ಲಿ ಒಂದೇ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳಾದವು. ಗಂಟಲಿಗೆ ಕಡ್ಡಿ ಹಾಕಿದವರು, ರಾತ್ರಿಯಿಡೀ ಯಂತ್ರದ ಮುಂದೆ ಕೂತವರು ಇದೇ ಜನ. ಚಪ್ಪಾಳೆ ನಿಂತ ಮೇಲೆ ಅವರಲ್ಲಿ ಅನೇಕರ ತಾತ್ಕಾಲಿಕ ಕೆಲಸವೂ ನಿಂತಿತು.

ದಿನನಿತ್ಯದ ಅಪಾಯ ಸೂಜಿ ಚುಚ್ಚಿಕೊಳ್ಳುವುದು. ಹೆಪಟೈಟಿಸ್ ಬಿ ಕಾಮಾಲೆಗೆ ಲಸಿಕೆ ಇದೆ. ಮೊದಲ ಚುಚ್ಚುಮದ್ದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸಿಬ್ಬಂದಿಗೆ ಈ ಲಸಿಕೆಯನ್ನೂ ಧನುರ್ವಾಯು ಲಸಿಕೆಯನ್ನೂ ಹಾಕಿಸುವುದು ಲ್ಯಾಬ್ ನಡೆಸುವವರ ಹೊಣೆ ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ತಡೆಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ಲ್ಯಾಬ್‌ಗಳಲ್ಲಿ ದುಡಿಯುವ ಮಕ್ಕಳಿರುವ ತಂದೆ ತಾಯಂದಿರೇ, ಇವತ್ತು ಸಂಜೆ ಅವರನ್ನು ಒಂದು ಮಾತು ಕೇಳಿ: 'ಲಸಿಕೆ ಮೂರೂ ಆಯಿತೇನಪ್ಪ?'

ಕಾಯ್ದೆ ಏನು ಹೇಳುತ್ತದೆ?

ವೈದ್ಯರಿಗೆ, ದಾದಿಯರಿಗೆ, ಔಷಧಿ ವ್ಯಾಪಾರಿಗಳಿಗೆ ಬಹಳ ಹಿಂದಿನಿಂದಲೇ ಶಾಸನಬದ್ಧ ಪರಿಷತ್ತುಗಳಿದ್ದವು. ಲ್ಯಾಬ್ ಟೆಕ್ನಿಷಿಯನ್‌ಗಳಿಗೆ ರಾಷ್ಟ್ರಮಟ್ಟದಲ್ಲಿ ಅಂಥದ್ದು ಇರಲಿಲ್ಲ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ವೈದ್ಯಕೀಯ ಪ್ರಯೋಗಾಲಯದ ವೃತ್ತಿಯೂ ಅದರಲ್ಲಿ ಸೇರಿದೆ. ಓದಿಗೆ ಒಂದೇ ಮಟ್ಟ, ರಾಜ್ಯ ರಾಜ್ಯಕ್ಕೂ ಮಂಡಳಿ, ಅರ್ಹರ ಹೆಸರಿನ ಅಧಿಕೃತ ದಾಖಲೆ ಪುಸ್ತಕ ಇವು ಅದರ ಉದ್ದೇಶಗಳು. ಕಾಯ್ದೆ ಒಳ್ಳೆಯದೇ. ಆದರೆ ಅದರ ಫಲ ಸಿಗುವುದು, ತಾಲ್ಲೂಕಿನ ಸಣ್ಣ ಲ್ಯಾಬಿನ ಹುಡುಗನ ಹೆಸರೂ ಆ ಪುಸ್ತಕದಲ್ಲಿದೆಯೇ ಎಂದು ನೋಡಿಯೇ ಕೆಲಸ ಕೊಡುವ ದಿನ ಬಂದಾಗ.

ವರದಿಗೆ ಸಹಿ ಹಾಕುವವರು ಯಾರೆಂಬುದು ಇನ್ನೊಂದು ಜಗಳ. ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇರುವ ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂಬ ನಿಲುವನ್ನು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಳ್ಳಿ ಕಡೆ ಅಷ್ಟು ತಜ್ಞರೆಲ್ಲಿದ್ದಾರೆ ಎಂದು ಟೆಕ್ನಿಷಿಯನ್‌ಗಳು ಕೇಳುತ್ತಾರೆ. ತಜ್ಞರಿಲ್ಲದೆ ರೋಗ ನಿರ್ಣಯ ಹೇಗೆ ಎಂದು ವೈದ್ಯರು ಕೇಳುತ್ತಾರೆ. ಎರಡರಲ್ಲೂ ಹುರುಳಿದೆ. ಆದರೆ ಲ್ಯಾಬಿಗೆ ಕಾಲಿಡದ ತಜ್ಞರ ಸಹಿ ಮೊದಲೇ ಅಚ್ಚಾಗಿ ಬರುವ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ನನ್ನ ಅಭಿಪ್ರಾಯವಿಷ್ಟು: ತಜ್ಞರ ಸಹಿಯ ಜೊತೆಗೆ ಪರೀಕ್ಷೆ ಮಾಡಿದ ಟೆಕ್ನಿಷಿಯನ್‌ನ ಹೆಸರು, ಓದು, ನೋಂದಣಿ ಸಂಖ್ಯೆ ಪ್ರತಿ ವರದಿಯ ಕೆಳಗೂ ಅಚ್ಚಾಗಬೇಕು. ಹೆಸರು ಬಿದ್ದ ಕಡೆ ಹೊಣೆ ಬೀಳುತ್ತದೆ. ಹೊಣೆ ಹೊತ್ತವರಿಗೆ ತಕ್ಕ ಸಂಬಳ ಕೊಡಲೇಬೇಕಾಗುತ್ತದೆ.

ಈ ಓದು ಆರಿಸುವ ಮಕ್ಕಳಿಗೆ

ಪಿಯುಸಿ ವಿಜ್ಞಾನ ಓದಿ ವೈದ್ಯಕೀಯ ಸೀಟು ಸಿಗದ ಮಕ್ಕಳು ನನ್ನನ್ನು ಈ ಓದಿನ ಬಗ್ಗೆ ಕೇಳುವುದುಂಟು. ಸಂಬಳದ ಕಷ್ಟ ಹೇಳಿದ ಮೇಲೂ ನಾನು 'ಓದಿ' ಎಂದೇ ಹೇಳುತ್ತೇನೆ. ಆದರೆ ಡಾಕ್ಟರಾಗಲಿಲ್ಲವೆಂಬ ಕೊರಗಿನಿಂದ ಬರಬೇಡಿ. ಗಮನವಿಟ್ಟು ನೋಡುವ ಕಣ್ಣು, ಬೇಸರಪಡದ ಮನಸ್ಸು, ಕಂಡದ್ದನ್ನೇ ಬರೆಯುವ ಪ್ರಾಮಾಣಿಕತೆ ನಿಮಗಿದ್ದರೆ ಇದು ಘನವಾದ ವೃತ್ತಿ.

ಕಾಲೇಜು ಸೇರುವ ಮೊದಲು ಮೂರು ವಿಷಯ ನೋಡಿ. ಡಿಪ್ಲೊಮಾ ಆದರೆ ರಾಜ್ಯದ ಅರೆವೈದ್ಯಕೀಯ ಮಂಡಳಿಯ, ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಕಾಲೇಜಿಗೆ ರೋಗಿಗಳು ನಿಜವಾಗಿ ಬರುವ ಆಸ್ಪತ್ರೆ ಇದೆಯೇ? ಸೂಕ್ಷ್ಮದರ್ಶಕದ ಮುಂದೆ ನಿಮ್ಮನ್ನು ಕೂರಿಸುತ್ತಾರೆಯೇ, ಅಥವಾ ಟಿಪ್ಪಣಿ ಬರೆಸಿ ಕಳಿಸುತ್ತಾರೆಯೇ? 'ಮೂರು ತಿಂಗಳಲ್ಲಿ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ' ಎಂಬ ಜಾಹೀರಾತಿನ ಬಳಿ ಸುಳಿಯಬೇಡಿ. 2021ರ ಕಾಯ್ದೆಯ ಪ್ರಕಾರ ಈ ವೃತ್ತಿಗೆ ಬೇಕಾದ ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2,000 ಗಂಟೆಗಳ ಓದು ಬೇಕು, ಅವಧಿ ಎರಡು ವರ್ಷಕ್ಕೆ ಕಡಿಮೆ ಇರುವಂತಿಲ್ಲ.

ಮುಂದೆ ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರ, ರಕ್ತಶಾಸ್ತ್ರಗಳಲ್ಲಿ ಸ್ನಾತಕೋತ್ತರ ಓದಬಹುದು. ರಕ್ತನಿಧಿ, ಕ್ಷಯ ಮತ್ತು ಎಚ್‌ಐವಿ ಕಾರ್ಯಕ್ರಮ, ಸಂಶೋಧನಾ ಸಂಸ್ಥೆ, ಬೋಧನೆ ಹೀಗೆ ದಾರಿಗಳಿವೆ. ಕೊಲ್ಲಿ ದೇಶಗಳಲ್ಲಿ ಕರಾವಳಿಯ ಎಷ್ಟೋ ಮಕ್ಕಳು ಈ ಕೆಲಸದಲ್ಲಿದ್ದಾರೆ. ಅಲ್ಲಿ ಪರವಾನಗಿ ಪರೀಕ್ಷೆ ಪಾಸಾಗದೆ ಪ್ರಯೋಗಾಲಯದ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲೂ ಹಾಗಾಗಲಿ ಎಂಬುದೇ ನನ್ನ ವಾದ.

ನೀವು ಮಾಡಬೇಕಾದ್ದು

ಕೊನೆಯದಾಗಿ ಓದುಗರಿಗೆ ಕೆಲವು ಸೂಚನೆಗಳು.

ಲ್ಯಾಬಿನ ಗೋಡೆಯ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಇದೆಯೇ ನೋಡಿ. ಪರೀಕ್ಷೆ ಮಾಡುವವರ ಓದು ಏನೆಂದು ನಗುನಗುತ್ತಲೇ ಕೇಳಿ. ಓದಿದವರು ಹೆಮ್ಮೆಯಿಂದ ಹೇಳುತ್ತಾರೆ.

ಹೊಸ ಸೂಜಿಯನ್ನು ನಿಮ್ಮ ಎದುರೇ ಬಿಚ್ಚಲಿ. ನಳಿಕೆಯ ಮೇಲೆ ನಿಮ್ಮ ಹೆಸರು ಮತ್ತು ವಯಸ್ಸನ್ನು ನೀವು ಎದ್ದು ಹೋಗುವ ಮೊದಲೇ ಬರೆಯಲಿ.

ಖಾಲಿ ಹೊಟ್ಟೆ ಎಂದರೆ ಕನಿಷ್ಠ ಎಂಟು ಗಂಟೆ ಏನೂ ತಿನ್ನದಿರುವುದು. ನೀರು ಕುಡಿಯಬಹುದು, ಕಾಫಿ ಟೀ ಬೇಡ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಹೇಳಿ.

ಸಾಧ್ಯವಾದಷ್ಟು ಒಂದೇ ಲ್ಯಾಬಿಗೆ ಹೋಗಿ. ಹಳೆಯ ವರದಿಗಳನ್ನು ಎಸೆಯಬೇಡಿ. ಹಿಂದಿನ ಅಂಕಿಯ ಜೊತೆ ಹೋಲಿಸಿದಾಗಲೇ ತಪ್ಪು ಬೇಗ ಗೊತ್ತಾಗುವುದು.

ವರದಿಗೂ ನಿಮ್ಮ ಮೈಯ ಸ್ಥಿತಿಗೂ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ, ಮತ್ತೊಮ್ಮೆ ಮಾಡಿಸಿ. 'ಮತ್ತೆ ರಕ್ತ ಕೊಡಬೇಕು, ಅನುಮಾನ ಇದೆ' ಎಂದು ಟೆಕ್ನಿಷಿಯನ್ ಕರೆದರೆ ಸಿಡುಕಬೇಡಿ. ಅದು ಅವರ ಅಸಾಮರ್ಥ್ಯವಲ್ಲ, ನಿಮ್ಮ ಬಗೆಗಿನ ಕಾಳಜಿ.

ಅರ್ಧ ಬೆಲೆಗೆ ಎಪ್ಪತ್ತು ಪರೀಕ್ಷೆ ಎಂಬ ಪ್ಯಾಕೇಜುಗಳ ಹಿಂದೆ ಓಡಬೇಡಿ. ಬೇಕಾದ ನಾಲ್ಕು ಪರೀಕ್ಷೆಯನ್ನು ಸರಿಯಾಗಿ ಮಾಡುವವರಿಗೆ ಸರಿಯಾದ ಬೆಲೆ ಕೊಡಿ. ಅಗ್ಗದ ವರದಿಯ ಬೆಲೆಯನ್ನು ನಾವು ಎಷ್ಟೋ ಸಲ ಆಸ್ಪತ್ರೆಯ ಬಿಲ್ಲಿನಲ್ಲಿ ತೆರಬೇಕಾಗುತ್ತದೆ.